ಬಾಸಿ ಈದಿನ ಫುಟ್ಬಾಲ್



ಇತಿಹಾಸವೆಂದರೆ ಕೋಟೆ, ಯುದ್ಧ, ಒಪ್ಪಂದ, ಅರಸರ ವಂಶಾವಳಿ ಎಂದು ನಾವು ಶಾಲೆಯಲ್ಲಿ ಕಲಿಯುತ್ತೇವೆ. ಅದು ಸರಿಯೇ. ಆದರೆ ಒಂದು ಓಣಿಯ ಮಕ್ಕಳು ವರ್ಷಕ್ಕೊಮ್ಮೆ ಆಡುತ್ತಿದ್ದ ಆಟಕ್ಕೂ ಒಂದು ಇತಿಹಾಸವಿರುತ್ತದೆ. ಅದು ಯಾವ ದಫ್ತರದಲ್ಲೂ ಸಿಗುವುದಿಲ್ಲ. ಆಡಿದವರ ನೆನಪಿನಲ್ಲಿ ಇರುತ್ತದೆ, ಅವರೊಂದಿಗೇ ಹೋಗಿಬಿಡುತ್ತದೆ. ನನಗೀಗ ಎಪ್ಪತ್ತು ಸಮೀಪಿಸಿದೆ. ಜೊತೆಯಲ್ಲಿ ಆಡಿದವರಲ್ಲಿ ಅರ್ಧದಷ್ಟು ಮಂದಿ ಈಗಿಲ್ಲ. ಆದ್ದರಿಂದ ನಮ್ಮ ಶಹಾಪುರದ ಬಾಸಿ ಈದಿನ ಫುಟ್ಬಾಲ್ ಕುರಿತು ನಾಲ್ಕು ಮಾತು ಬರೆದಿಡುವುದು ಒಳ್ಳೆಯದೆನಿಸಿತು.

ಬಾಸಿ ಎಂದರೆ ತಂಗಳು. ರಮಜಾನ್ ಈದಿನ ಮರುದಿನವನ್ನು ನಮ್ಮ ಮನೆಗಳಲ್ಲಿ ಬಾಸಿ ಈದ್ ಎನ್ನುತ್ತಿದ್ದರು. ನೆರೆಯ ಹಿಂದೂ ಮನೆಗಳಲ್ಲಿ ಹಬ್ಬದ ಮರುದಿನವನ್ನು ಕರಿ ಎನ್ನುತ್ತಾರಲ್ಲ, ಹಾಗೆ. ಈದಿನ ದಿನ ಹೊಸ ಬಟ್ಟೆ, ನಮಾಜು, ಹಿರಿಯರ ಭೇಟಿ, ಮನೆಮನೆಯ ಸುರಕುಂಬಾ. ಆ ದಿನ ಬಟ್ಟೆಗೆ ಮಣ್ಣು ಹತ್ತಿದರೆ ಅಮ್ಮಿಯ ಕೈಯಿಂದ ಏಟು ಖಚಿತ. ಬಾಸಿ ಈದಿನಂದು ಮಾತ್ರ ಹಳೆಯ ಚಡ್ಡಿ, ಹಳೆಯ ಅಂಗಿ, ಬರಿಗಾಲು. ಹಿರಿಯರು ಹಬ್ಬದ ದಣಿವಿನಿಂದ ಮಲಗಿರುತ್ತಿದ್ದರು. ನಮ್ಮನ್ನು ಕೇಳುವವರು ಯಾರೂ ಇರಲಿಲ್ಲ.

ಸಂಸ್ಥಾನದವರು ಮತ್ತು ಖಾಲ್ಸಾದವರು

ಆಟದಲ್ಲಿ ಎರಡು ತಂಡಗಳು. ಒಂದರ ಹೆಸರು ಸಂಸ್ಥಾನ, ಇನ್ನೊಂದರ ಹೆಸರು ಖಾಲ್ಸಾ. ಈ ಹೆಸರುಗಳ ಹಿಂದೆ ನಿಜವಾದ ಇತಿಹಾಸವಿದೆ.

ಈಗ ಶಹಾಪುರ ಬೆಳಗಾವಿ ನಗರದ ಒಂದು ಭಾಗ. ಹೊಸದಾಗಿ ಬಂದವರಿಗೆ ಬೆಳಗಾವಿ ಎಲ್ಲಿ ಮುಗಿದು ಶಹಾಪುರ ಎಲ್ಲಿ ಆರಂಭವಾಗುತ್ತದೆ ಎಂಬುದೇ ತಿಳಿಯದು. ಆದರೆ 1948ರವರೆಗೆ ಇವು ಬೇರೆ ಬೇರೆ ಆಡಳಿತದ ಊರುಗಳು. ಬೆಳಗಾವಿಯ ಕೋಟೆ 1818ರಲ್ಲಿ ಬ್ರಿಟಿಷರ ಕೈಸೇರಿತು. ಮುಂದೆ ಅಲ್ಲಿ ದಂಡು ನೆಲೆಯೂರಿತು, ಕ್ಯಾಂಪ್ ಬೆಳೆಯಿತು. ಶಹಾಪುರ ಸಾಂಗ್ಲಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿತ್ತು. ನಮ್ಮೂರಿನ ಚಿಂತಾಮಣರಾವ್ ಹೈಸ್ಕೂಲು ಇಂದಿಗೂ ಆ ಮನೆತನದ ಹೆಸರನ್ನು ಹೊತ್ತುಕೊಂಡಿದೆ. ಬ್ರಿಟಿಷ್ ಸೀಮೆಗೆ ಹಳಬರು ಖಾಲ್ಸಾ ಎನ್ನುತ್ತಿದ್ದರು. 1948ರ ಮಾರ್ಚ್ 8ರಂದು ದಖ್ಖನಿನ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1973ರಲ್ಲಿ ಆ ರಾಜ್ಯ ಕರ್ನಾಟಕವಾಯಿತು.

ನಾನು ಹುಟ್ಟಿದ್ದು ವಿಲೀನವಾಗಿ ಒಂಬತ್ತು ವರ್ಷಗಳ ನಂತರ. ಸಾಂಗ್ಲಿಯ ಆಡಳಿತವನ್ನು ಕಣ್ಣಾರೆ ಕಂಡವನಲ್ಲ. ಆದರೂ ದಾದಾ ರೈಲು ಹಳಿ ದಾಟಿ ಬೆಳಗಾವಿಗೆ ಹೋಗುವಾಗ "ಖಾಲ್ಸಾಕ್ಕೆ ಹೋಗಿ ಬರುತ್ತೇನೆ" ಎಂದೇ ಹೇಳುತ್ತಿದ್ದರು. ಕಾಗದದ ಮೇಲೆ ಅಳಿಸಿಹೋದ ಗಡಿ ನಮ್ಮ ಆಟದಲ್ಲಿ ಉಳಿದುಕೊಂಡಿತ್ತು. ಕಪಿಲೇಶ್ವರದ ಹತ್ತಿರ ಈಗ ರೈಲು ಹಳಿಯ ಮೇಲೆ ದೊಡ್ಡ ಸೇತುವೆಯಿದೆ. ಆಗ ಗೇಟು ಇತ್ತು. ಗೇಟಿನ ಈಚೆಯ ಹುಡುಗರು ಸಂಸ್ಥಾನ, ಆಚೆಯವರು ಖಾಲ್ಸಾ. ಖಾಲ್ಸಾ ಪರವಾಗಿ ನಮ್ಮ ನೆಂಟರ ಮಕ್ಕಳು ಬರುತ್ತಿದ್ದರು. ಅವರೊಡನೆ ಅವರ ಶಾಲೆಯ ಗೆಳೆಯರೂ ಬರುತ್ತಿದ್ದರು. ಅವರಲ್ಲಿ ಮರಾಠಿ ಮನೆಯವರಿದ್ದರು, ಕ್ಯಾಂಪಿನ ಕ್ರೈಸ್ತ ಹುಡುಗರಿದ್ದರು. ಈದ್ ನಮ್ಮದಾದರೂ ಆಟ ಎಲ್ಲರದಾಗಿತ್ತು.

ಹಬ್ಬಕ್ಕೂ ಚೆಂಡಿಗೂ ಇರುವ ನಂಟು ನಮ್ಮೂರಿಗಷ್ಟೇ ಸೀಮಿತವಲ್ಲ. ಇಂಗ್ಲೆಂಡಿನ ಆಶ್‌ಬೋರ್ನ್ ಎಂಬ ಸಣ್ಣ ಊರಿನಲ್ಲಿ ಕ್ರೈಸ್ತರ ಉಪವಾಸ ಆರಂಭವಾಗುವ ಹೊತ್ತಿಗೆ ಇಡೀ ಊರೇ ಎರಡು ಪಕ್ಷವಾಗಿ ಚೆಂಡಿಗಾಗಿ ಸೆಣಸುತ್ತದೆ. ಊರಿನ ಹೊಳೆಯ ಯಾವ ದಡದಲ್ಲಿ ಹುಟ್ಟಿದಿರಿ ಎಂಬುದರ ಮೇಲೆ ನಿಮ್ಮ ಪಕ್ಷ ತೀರ್ಮಾನವಾಗುತ್ತದೆ. ಸ್ಕಾಟ್ಲೆಂಡಿನ ಕರ್ಕ್‌ವಾಲ್‌ನಲ್ಲಿ ಕ್ರಿಸ್ಮಸ್ ಮತ್ತು ಹೊಸ ವರ್ಷದ ದಿನ ಬೀದಿಯಲ್ಲೇ ಇಂಥ ಆಟ ನಡೆಯುತ್ತದೆ. ಒಂದು ಕಾಲಕ್ಕೆ ಇಂಥ ಹಬ್ಬದ ಆಟಗಳು ಇಂಗ್ಲೆಂಡಿನಲ್ಲಿ ಹಲವೆಡೆ ಇದ್ದವು. 1835ರಲ್ಲಿ ಹೆದ್ದಾರಿ ಕಾಯ್ದೆ ಬಂದು ರಸ್ತೆಯಲ್ಲಿ ಫುಟ್ಬಾಲ್ ಆಡುವುದು ದಂಡಾರ್ಹವಾಯಿತು. 1863ರಲ್ಲಿ ಲಂಡನ್ನಿನಲ್ಲಿ ಫುಟ್ಬಾಲ್ ಸಂಘ ಸ್ಥಾಪನೆಯಾಗಿ ಲಿಖಿತ ನಿಯಮಗಳು ಬಂದವು. ಅನೇಕ ಊರುಗಳಲ್ಲಿ ಹಬ್ಬದ ಆಟ ನಿಂತೇಹೋಯಿತು. ಆಶ್‌ಬೋರ್ನ್‌ನಂಥ ಕಡೆ ಉಳಿಯಿತು, ಏಕೆಂದರೆ ಅಲ್ಲಿಯ ಜನ ಆ ಎರಡು ದಿನ ಅಂಗಡಿಗಳಿಗೆ ಹಲಗೆ ಬಡಿದು ತಮ್ಮ ಬೀದಿಯನ್ನು ಆಟಕ್ಕೆ ಬಿಟ್ಟುಕೊಡುತ್ತಾರೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಚೆಂಡು ಬಂದ ಬಗೆ

ಚೆಂಡು ಕೊಳ್ಳುತ್ತಿದ್ದುದು ಈದಿಯ ದುಡ್ಡಿನಿಂದ. ಈದಿನ ದಿನ ಹಿರಿಯರ ಕೈಗೆ ಮುತ್ತಿಟ್ಟು ಸಲಾಂ ಹೇಳಿದರೆ ಹತ್ತು ಪೈಸೆಯೋ ಚಾರಾಣೆಯೋ ಸಿಗುತ್ತಿತ್ತು. ಸಂಜೆ ಎಲ್ಲ ಹುಡುಗರೂ ನಮ್ಮ ಕಟ್ಟೆಗೆ ಬಂದು ತಮ್ಮ ಪಾಲಿನ ಹತ್ತು ಪೈಸೆ ಹಾಕುತ್ತಿದ್ದರು. ಲೆಕ್ಕ ಬರೆಯುವವನು ನಾನು. ಒಂದು ವರ್ಷದ ವಂತಿಗೆಯಲ್ಲಿ ಹೊಸ ಚೆಂಡು ಬರುತ್ತಿರಲಿಲ್ಲ. ಒಂದು ವರ್ಷ ಚರ್ಮದ ಹೊದಿಕೆ, ಮರುವರ್ಷ ಒಳಗಿನ ಬ್ಲ್ಯಾಡರ್, ಇನ್ನೊಂದು ವರ್ಷ ಹೊಲಿಗೆಯ ದುರಸ್ತಿ, ಹೀಗೆ.

ಇಂದಿನ ವಿದ್ಯಾರ್ಥಿಗಳು ಆ ಚೆಂಡನ್ನು ನೋಡಿರಲಾರಿರಿ. ಒಳಗೆ ರಬ್ಬರಿನ ಬ್ಲ್ಯಾಡರ್, ಅದಕ್ಕೊಂದು ಉದ್ದನೆಯ ಕತ್ತು. ಸೈಕಲ್ ಅಂಗಡಿಯಲ್ಲಿ ಗಾಳಿ ತುಂಬಿಸಿ, ಕತ್ತನ್ನು ಮಡಚಿ, ದಾರದಿಂದ ಬಿಗಿದು, ಚರ್ಮದ ಸೀಳಿನೊಳಗೆ ತೂರಿಸಿ, ಮೇಲಿನಿಂದ ಬೂಟಿಗೆ ಹಾಕುವಂತೆ ಲೇಸು ಹಾಕಬೇಕಿತ್ತು. ಲೇಸಿನ ಗಂಟು ಉಬ್ಬಿದರೆ ಚೆಂಡು ಸೊಟ್ಟಗೆ ಉರುಳುತ್ತಿತ್ತು. ತಲೆಯಿಂದ ಹೊಡೆದವನ ಹಣೆಗೆ ಗಂಟಿನ ಗುರುತು ಬೀಳುತ್ತಿತ್ತು. ನೀರು ಕುಡಿದರೆ ಚರ್ಮ ಭಾರವಾಗುತ್ತಿತ್ತು. ಅದಕ್ಕಾಗಿ ಹಬ್ಬದ ಅಡುಗೆಯಲ್ಲಿ ಉಳಿದ ಮಟನ್ ಕೊಬ್ಬನ್ನು ಹೊಲಿಗೆಗೆ ತಿಕ್ಕುತ್ತಿದ್ದೆವು. ಈ ಚೆಂಡಿಗೂ ದೇಶದ ಇತಿಹಾಸಕ್ಕೂ ಸಂಬಂಧವಿದೆ. 1947ಕ್ಕೆ ಮುಂಚೆ ಆಟದ ಸಾಮಾನಿಗೆ ಹೆಸರಾಗಿದ್ದ ಊರು ಸಿಯಾಲಕೋಟೆ. ವಿಭಜನೆಯ ನಂತರ ಅಲ್ಲಿಯ ಅನೇಕ ಕುಶಲಕರ್ಮಿಗಳು ಜಾಲಂಧರಿಗೆ ಬಂದು ನೆಲೆಸಿದರು, ಆ ಉದ್ಯಮ ಅಲ್ಲಿ ಬೇರೂರಿತು.

ನಮ್ಮ ಚೆಂಡಿಗೆ ಲೇಸು ಹಾಕುತ್ತಿದ್ದವಳು ನನ್ನ ಆಪಾ. ಅವಳ ಬೆರಳು ತೆಳ್ಳಗೆ, ಗಂಟು ಒಳಗೇ ಅಡಗುವಂತೆ ಬಿಗಿಯುತ್ತಿದ್ದಳು. ಆಪಾ ಲೇಸು ಹಾಕಿದ ಚೆಂಡು ಎಂದರೆ ಖಾಲ್ಸಾದವರೂ ಒಪ್ಪುತ್ತಿದ್ದರು. ಅಂಗಳದಲ್ಲಿ ಅವಳೇ ಮೊದಲು ಒಂದೆರಡು ಸಲ ಪುಟಿಸಿ, "ಸರಿ ಇದೆ, ಒಯ್ಯಿರಿ" ಎನ್ನುತ್ತಿದ್ದಳು. ಆಟ ನೋಡಲು ಅವಳು ಒಮ್ಮೆಯೂ ಬಂದಿಲ್ಲ. ಬರುತ್ತೀಯಾ ಎಂದು ನಾವು ಯಾರೂ ಕೇಳಿರಲೂ ಇಲ್ಲ.

ಕಣದ ಮೇಲಿನ ಆಟ

ನಮಗೆ ಮೈದಾನವೆಂಬುದು ಇರಲಿಲ್ಲ. ಶಹಾಪುರದ ದಕ್ಷಿಣಕ್ಕೆ, ವಡಗಾವಿ ದಾಟಿ ಯಳ್ಳೂರಿನ ಕಡೆಗೆ, ಆಗ ಎಲ್ಲಿ ನೋಡಿದರೂ ಗದ್ದೆ. ಬೆಳಗಾವಿ ಬಾಸುಮತಿ ಎಂದು ಹೆಸರಾದ ಅಕ್ಕಿ ಈ ಮಣ್ಣಿನದು. ಭತ್ತ ಕೊಯ್ದ ಮೇಲೆ ನೆಲದಲ್ಲಿ ಉಳಿದ ತೇವಕ್ಕೆ ರೈತರು ಮಸೂರಿ ಬೇಳೆ, ಕಡಲೆ ಬಿತ್ತುತ್ತಿದ್ದರು. ಆದರೆ ಕಣ ಮಾಡಿದ ಜಾಗವನ್ನು ಬಿತ್ತುತ್ತಿರಲಿಲ್ಲ. ರಾಶಿ ಮುಗಿದ ಮೇಲೆ ಆ ನೆಲ ಗಟ್ಟಿಯಾಗಿ, ಸಪಾಟಾಗಿ, ಖಾಲಿ ಬಿದ್ದಿರುತ್ತಿತ್ತು. ವಡಗಾವಿಯ ಒಬ್ಬ ರೈತರು ತಮ್ಮ ಕಣವನ್ನೂ ಅದರ ಸುತ್ತಲಿನ ತುಂಡು ನೆಲವನ್ನೂ ಆ ಒಂದು ದಿನ ನಮಗೆ ಬಿಡುತ್ತಿದ್ದರು. ಅವರನ್ನು ನಾವು ಕಾಕಾ ಎನ್ನುತ್ತಿದ್ದೆವು. "ಆಡ್ರಿ, ಖರೆ ಬದು ಕೆಡಸಬ್ಯಾಡ್ರಿ. ಮಸೂರಿಯಾಗ ಕಾಲಿಟ್ರ ಕಾಲ ಮುರೀತೀನಿ" ಎಂಬುದೊಂದೇ ಅವರ ಷರತ್ತು. ಹುಲ್ಲಿನ ಪೆಂಡಿಗಳೇ ಗೋಲಿನ ಕಂಬ. ಮಸೂರಿಯೊಳಗೆ ಬಿದ್ದ ಚೆಂಡನ್ನು ತರಲು ಒಬ್ಬನಿಗೆ ಮಾತ್ರ ಅಪ್ಪಣೆ, ಅದೂ ಸಾಲಿನ ನಡುವೆ ಹೆಜ್ಜೆಯಿಟ್ಟು.

1968ರ ವರ್ಷವನ್ನು ನಾನು ಮರೆಯಲಾರೆ. ಆ ಒಂದೇ ವರ್ಷದಲ್ಲಿ ಎರಡು ಸಲ ರಮಜಾನ್ ಈದ್ ಬಂತು. ಒಂದು ಜನವರಿಯ ಆರಂಭದಲ್ಲಿ, ಇನ್ನೊಂದು ಡಿಸೆಂಬರಿನ ಕೊನೆಯ ಹತ್ತು ದಿನಗಳಲ್ಲಿ, ಕ್ರಿಸ್ಮಸ್ಸಿಗೆ ಮೂರ್ನಾಲ್ಕು ದಿನ ಮುಂಚೆ. ಡಿಸೆಂಬರಿನ ಆಟಕ್ಕೆ ಕ್ಯಾಂಪಿನ ಹುಡುಗರು ರಜೆಯಲ್ಲಿದ್ದುದರಿಂದ ಹೆಚ್ಚು ಮಂದಿ ಬಂದರು. ನಮ್ಮ ಕಡೆ ಒಬ್ಬ ಹುಡುಗ ಬದುವಿನ ಮೇಲೆ ಕುಳಿತಿದ್ದ. ಅವನ ಅಬ್ಬಾ ಮಗ್ಗದ ಕೆಲಸದವರು, ಆ ವರ್ಷ ಕಾಯಿಲೆ ಬಿದ್ದಿದ್ದರು. ಅವನಿಗೆ ಈದಿ ಸಿಕ್ಕಿರಲಿಲ್ಲ, ವಂತಿಗೆ ಕೊಟ್ಟಿರಲಿಲ್ಲ. ಕೊಡದವನಿಗೆ ಆಟವಿಲ್ಲ ಎಂದು ಲೆಕ್ಕದ ಪುಸ್ತಕ ಹಿಡಿದ ನಾನೇ ಹೇಳಿದ್ದೆ.

ಕಾಕಾ ಬಣವೆಯ ನೆರಳಿನಿಂದ ಎದ್ದು ಬಂದರು.

"ಯಾಕೋ ತಮ್ಮಾ, ಅಂವ ಯಾಕ ಬದುವಿನ ಮ್ಯಾಲ ಕುಂತಾನ?"

"ಅಂವ ರೊಕ್ಕಾ ಕೊಟ್ಟಿಲ್ರೀ ಕಾಕಾ. ಚೆಂಡಿನ ರೊಕ್ಕಾ."

"ಹೌದಾ? ಮತ್ತ ಗದ್ದಿ ರೊಕ್ಕಾ ಯಾರ ಕೊಟ್ಟೀರಿ?"

ನನಗೆ ಉತ್ತರ ಹೊಳೆಯಲಿಲ್ಲ. ಕಾಕಾ ಬೇರೇನೂ ಹೇಳದೆ ಹೋಗಿ ಬಣವೆಯ ಬಳಿ ಕುಳಿತರು. ಆ ಹುಡುಗ ಎದ್ದು ಬಂದು ಆಡಿದ. ಅವನು ಗೋಲು ಹೊಡೆಯಲಿಲ್ಲ, ನಾವು ಗೆಲ್ಲಲೂ ಇಲ್ಲ. ಆದರೆ ಮರುವರ್ಷದಿಂದ ಲೆಕ್ಕದ ಪುಸ್ತಕದಲ್ಲಿ ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂದು ಹೆಸರು ಬರೆಯುವುದನ್ನು ಬಿಟ್ಟೆ. ಒಟ್ಟು ಮೊತ್ತವನ್ನಷ್ಟೇ ಬರೆದೆ.

ದೊಡ್ಡವರ ಆಟ

ನಮ್ಮ ಈ ಸಣ್ಣ ಆಟದ ಹಿಂದೆ ದೊಡ್ಡದೊಂದು ಪರಂಪರೆಯಿತ್ತು. ಫುಟ್ಬಾಲ್ ನಮ್ಮ ದೇಶದಲ್ಲಿ ಬೇರೂರಿದ್ದು ಬಹುಮಟ್ಟಿಗೆ ದಂಡು ಪ್ರದೇಶಗಳಲ್ಲಿ ಮತ್ತು ಮಿಷನ್ ಶಾಲೆಗಳಲ್ಲಿ. ಬೆಳಗಾವಿಯಲ್ಲಿ ಎರಡೂ ಇದ್ದವು. ಸೇಂಟ್ ಪಾಲ್ಸ್ ಶಾಲೆ 1856ರಷ್ಟು ಹಳೆಯದು. ಅಲ್ಲಿಯ ಹಳೆಯ ವಿದ್ಯಾರ್ಥಿಗಳು ಮಳೆಗಾಲದಲ್ಲಿ ನಡೆಸುವ ಫಾದರ್ ಎಡ್ಡಿ ಸ್ಮಾರಕ ಅಂತರಶಾಲಾ ಪಂದ್ಯಾವಳಿ ಬೆಳಗಾವಿಯ ಮಕ್ಕಳಿಗೆ ಚಿರಪರಿಚಿತ. ಮರಾಠಾ ಲಘು ಪದಾತಿ ದಳದ ಕೇಂದ್ರವೂ ಈ ಊರಿನಲ್ಲೇ ಇದೆ.

ದಾದಾ ಮಾತ್ರ ನಮಗೆ ಹೇಳುತ್ತಿದ್ದುದು ಬೆಂಗಳೂರಿನ ಕಥೆ. 1891ರಲ್ಲಿ ಮುಂಬಯಿಯಲ್ಲಿ ಆರಂಭವಾದ ರೋವರ್ಸ್ ಕಪ್ ದಶಕಗಳ ಕಾಲ ಬ್ರಿಟಿಷ್ ಪಲ್ಟಣಗಳ ಕೈಯಲ್ಲೇ ಇತ್ತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಅದನ್ನು ಗೆದ್ದುಕೊಂಡಿತು. ಭಾರತೀಯ ತಂಡವೊಂದು ಆ ಕಪ್ ಗೆದ್ದದ್ದು ಅದೇ ಮೊದಲು. ಅಂತಿಮ ಪಂದ್ಯದಲ್ಲಿ ಅವರು ಸೋಲಿಸಿದ್ದು ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗನ್ನು. 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದ ತಂಡವದು. 1938ರಲ್ಲಿ ಬೆಂಗಳೂರಿನವರು ಮತ್ತೆ ಗೆದ್ದರು. ಅದೇ ಬೆಂಗಳೂರಿನ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರ ಆಡಿದರು. ಹೆಚ್ಚಿನ ಆಟಗಾರರು ಬರಿಗಾಲಿನಲ್ಲೇ ಇದ್ದ ಆ ತಂಡ ಫ್ರಾನ್ಸ್ ಎದುರು 1–2ರಿಂದ ಸೋತಿತು. ಭಾರತದ ಆ ಏಕೈಕ ಗೋಲು ಹೊಡೆದವರೂ ಬೆಂಗಳೂರಿನವರೇ, ಸಾರಂಗಪಾಣಿ ರಾಮನ್. "ಬರಿಗಾಲು ಎಂದು ನಾಚಬೇಡಿ, ಬರಿಗಾಲಿನವರು ಲಂಡನ್ ನೋಡಿದ್ದಾರೆ" ಎಂದು ದಾದಾ ನಗುತ್ತಿದ್ದರು.

ನಾವು ಕಣದಲ್ಲಿ ಆಡುತ್ತಿದ್ದ ದಿನಗಳಲ್ಲೇ ಮೈಸೂರು ರಾಜ್ಯದ ತಂಡ 1967–68 ಮತ್ತು 1968–69ರಲ್ಲಿ ಸತತ ಎರಡು ಸಲ ಸಂತೋಷ್ ಟ್ರೋಫಿ ಗೆದ್ದಿತು. ಆ ನಂತರ ನಮ್ಮ ರಾಜ್ಯಕ್ಕೆ ಆ ಟ್ರೋಫಿ ಮತ್ತೆ ಸಿಕ್ಕಿದ್ದು 54 ವರ್ಷಗಳ ಮೇಲೆ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿತು.

ಚಂದ್ರನ ಲೆಕ್ಕ

ಹಾಗಾದರೆ ನಮ್ಮ ಬಾಸಿ ಈದಿನ ಆಟ ನಿಂತದ್ದೇಕೆ? ಟಿ.ವಿ. ಬಂತು, ಕ್ರಿಕೆಟ್ ಬಂತು, ಅದಕ್ಕೇ ನಿಂತಿತು ಎಂದು ಬಹಳ ವರ್ಷ ನಾನೂ ಹೇಳುತ್ತಿದ್ದೆ. ಕುಳಿತು ಲೆಕ್ಕ ಹಾಕಿದಾಗ ಬೇರೆ ಕಾರಣ ಕಂಡಿತು.

ಹಿಜರಿ ವರ್ಷಕ್ಕೆ ಸುಮಾರು 354 ದಿನ. ಆದ್ದರಿಂದ ಈದ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಮತ್ತೆ ಅಲ್ಲಿಗೇ ಬರುತ್ತದೆ. 1966ರಲ್ಲಿ ಅದು ಜನವರಿಯ ಕೊನೆಯಲ್ಲಿತ್ತು, 1969ರಲ್ಲಿ ಡಿಸೆಂಬರ್ ಎರಡನೆಯ ವಾರಕ್ಕೆ ಬಂತು. ಈ ವರ್ಷಗಳಲ್ಲೆಲ್ಲ ಕೊಯ್ಲು ಮುಗಿದು ಕಣ ಖಾಲಿ ಇರುತ್ತಿತ್ತು. 1970ರಲ್ಲಿ ಈದ್ ನವೆಂಬರ್ ಕೊನೆಗೆ ಬಂದಾಗ ಕಣದಲ್ಲಿ ಇನ್ನೂ ರಾಶಿ ನಡೆದಿತ್ತು, ಅರ್ಧ ಜಾಗದಲ್ಲಿ ಆಡಿದೆವು. 1971ರಲ್ಲಿ ನವೆಂಬರ್ 20ರ ಸುಮಾರಿಗೆ ಈದ್. ಗದ್ದೆಯಲ್ಲಿ ಬೆಳೆದ ಭತ್ತ ನಿಂತಿತ್ತು. "ಈ ವರ್ಸ ಹೆಂಗಪಾ ಬಿಡ್ಲಿ?" ಎಂದು ಕಾಕಾ ನಮಗಿಂತ ಹೆಚ್ಚು ನೊಂದುಕೊಂಡರು. ನಾವು ಒಂದೆರಡು ಕಡೆ ಜಾಗ ಕೇಳಿದೆವು. ಬೀಗ ಹಾಕಿದ ಗೇಟುಗಳನ್ನು ನೋಡಿ ಮರಳಿದೆವು. ಆಮೇಲೆ ನಾವು ಓದು, ಕೆಲಸ ಎಂದು ಚದುರಿದೆವು.

1983ರಲ್ಲಿ ಈದ್ ಜುಲೈ ಎರಡನೆಯ ವಾರಕ್ಕೆ ಸರಿದಿತ್ತು. ಅದಕ್ಕೆ ಎರಡೂವರೆ ವಾರ ಮುಂಚೆ, ಜೂನ್ 25ರಂದು, ಕಪಿಲ್ ದೇವ್ ತಂಡ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಗೆದ್ದಿತ್ತು. ಆ ವರ್ಷ ನನ್ನ ಚಾಚಾನ ಮಕ್ಕಳು ಈದಿಯ ದುಡ್ಡಿನಲ್ಲಿ ಬ್ಯಾಟು ತಂದು ಓಣಿಯಲ್ಲೇ ಆಡಿದರು. ಅವರದೇನೂ ತಪ್ಪಿಲ್ಲ. ಓಣಿಯಲ್ಲಿ ಕ್ರಿಕೆಟ್ ಆಡಬಹುದು, ಮೂವತ್ತು ಹುಡುಗರ ಫುಟ್ಬಾಲ್ ಆಡಲಾಗದು. ಕ್ರಿಕೆಟ್ ಬರುವುದಕ್ಕೆ ಹನ್ನೆರಡು ವರ್ಷ ಮುಂಚೆಯೇ ನಮ್ಮ ಆಟ ಜಾಗವಿಲ್ಲದೆ ನಿಂತುಹೋಗಿತ್ತು.

2000ದಲ್ಲಿ ಈದ್ ಮತ್ತೆ ಒಂದೇ ವರ್ಷದಲ್ಲಿ ಎರಡು ಸಲ ಬಂತು, ಜನವರಿಯಲ್ಲಿ ಮತ್ತು ಡಿಸೆಂಬರಿನಲ್ಲಿ. ಚಂದ್ರ ತನ್ನ ಮಾತು ಉಳಿಸಿಕೊಂಡಿದ್ದ. ಬಾಸಿ ಈದಿನ ಬೆಳಿಗ್ಗೆ ಮಗನನ್ನು ಕರೆದುಕೊಂಡು ಕಣ ತೋರಿಸಲು ಹೋದೆ. ಕಣವಿದ್ದಲ್ಲಿ ಮನೆಗಳೆದ್ದಿದ್ದವು. ಕಾಕಾ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಶಹಾಪುರ, ವಡಗಾವಿ ಭಾಗದಲ್ಲಿ ಇನ್ನೂ ಗದ್ದೆಗಳು ಉಳಿದಿವೆ. ಹಲಗಾ–ಮಚ್ಛೆ ಬೈಪಾಸ್ ರಸ್ತೆಗೆ ಫಲವತ್ತಾದ ಭೂಮಿ ಹೋಗಬಾರದೆಂದು ಅಲ್ಲಿಯ ರೈತರು ನ್ಯಾಯಾಲಯದವರೆಗೂ ಹೋದದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಆ ಸುದ್ದಿ ಓದುವಾಗಲೆಲ್ಲ ನನಗೆ ಕಾಕಾನ ಪ್ರಶ್ನೆ ಕೇಳಿಸುತ್ತದೆ. ಗದ್ದೆಯ ರೊಕ್ಕ ಯಾರು ಕೊಟ್ಟಿರಿ?

2033ರ ಬಾಸಿ ಈದ್

ಓದುಗರೇ, ನಾನು ಹೇಳಬೇಕಾದದ್ದು ಇಷ್ಟೇ. ನಾವು ಚೆಂಡಿನ ಹತ್ತು ಪೈಸೆಯನ್ನು ಎಣಿಸಿದೆವು, ಕಾಲ ಕೆಳಗಿನ ನೆಲವನ್ನು ಎಣಿಸಲಿಲ್ಲ. ಅದು ಇನ್ನೊಬ್ಬರ ಔದಾರ್ಯದಿಂದ ಬಂದದ್ದು. ಔದಾರ್ಯ ನಮ್ಮ ಹಕ್ಕಲ್ಲ. ಭತ್ತ ನಿಂತ ವರ್ಷ ಅದು ಇರಲಿಲ್ಲ, ಕಾಕಾ ಹೋದ ಮೇಲೆ ಇಲ್ಲವೇ ಇಲ್ಲ.

ಶಿಕ್ಷಣ ಸಂಸ್ಥೆಗಳವರಾದ ನಾವು ಇಂದಿಗೂ ಅದೇ ಲೆಕ್ಕ ಬರೆಯುತ್ತಿದ್ದೇವೆ. ಕೊಠಡಿ ಎಷ್ಟು, ಕಂಪ್ಯೂಟರ್ ಎಷ್ಟು, ಶೇಕಡಾವಾರು ಫಲಿತಾಂಶ ಎಷ್ಟು ಎಂದು ವರದಿಯಲ್ಲಿ ಬರೆಯುತ್ತೇವೆ. ಮಗು ಓಡಲು ಎಷ್ಟು ನೆಲವಿದೆ ಎಂದು ಬರೆಯುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಗ್ರಂಥಾಲಯ, ಕುಡಿಯುವ ನೀರು, ಶೌಚಾಲಯಗಳ ಜೊತೆಗೆ ಆಟದ ಮೈದಾನವನ್ನೂ ಹೆಸರಿಸಲಾಗಿದೆ. ಅಲ್ಪಸಂಖ್ಯಾತ ಶಾಲೆಗಳಿಗೆ ಆ ಕಾಯ್ದೆ ಅನ್ವಯಿಸದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾಯ್ದೆಯಿಂದ ಸಂಸ್ಥೆಗೆ ವಿನಾಯಿತಿ ಸಿಗಬಹುದು. ಆದರೆ ನಮ್ಮ ಮಕ್ಕಳ ಕಾಲಿಗೆ ವಿನಾಯಿತಿ ಬೇಕಾಗಿಲ್ಲ.

ಆ ಮಕ್ಕಳಲ್ಲಿ ಹೆಣ್ಣುಮಕ್ಕಳೂ ಸೇರಿದ್ದಾರೆ ಎಂಬುದನ್ನು ಒತ್ತಿ ಹೇಳಬೇಕು. ತಲೆವಸ್ತ್ರ ಧರಿಸಿ ಆಡಲು ಅಂತರರಾಷ್ಟ್ರೀಯ ಫುಟ್ಬಾಲ್ ನಿಯಮಗಳು 2014ರಲ್ಲಿ ಅನುಮತಿ ಕೊಟ್ಟವು. 2023ರ ಮಹಿಳಾ ವಿಶ್ವಕಪ್‌ನಲ್ಲಿ ಮೊರಾಕ್ಕೊದ ನುಹೈಲಾ ಬೆಂಝಿನಾ ಹಿಜಾಬ್ ಧರಿಸಿ ಆಡಿದರು. ಆ ಪಂದ್ಯಾವಳಿಯ ಇತಿಹಾಸದಲ್ಲಿ ಹಾಗೆ ಆಡಿದವರಲ್ಲಿ ಅವರೇ ಮೊದಲಿಗರು. ಆ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿ ಆಪಾಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ, "ಈಗಿನ ಚೆಂಡಿಗೆ ಲೇಸು ಇರುವುದಿಲ್ಲವೇ?" ಎಂದು ಕೇಳಿದಳು. ಇಲ್ಲ ಎಂದೆ. "ಹಾಗಾದರೆ ನನ್ನ ಕೆಲಸ ಹೋಯಿತು" ಎಂದು ನಕ್ಕಳು. ಅವಳನ್ನು ಕಣಕ್ಕೆ ಕರೆಯದ ಆ ವರ್ಷಗಳು ನನಗೆ ನೆನಪಾದವು. ನನಗೆ ನಗು ಬರಲಿಲ್ಲ.

ಚಂದ್ರನ ಲೆಕ್ಕದಂತೆ 2033ರಲ್ಲಿ ರಮಜಾನ್ ಈದ್ ಮತ್ತೆ ಒಂದೇ ವರ್ಷ ಎರಡು ಸಲ ಬರಲಿದೆ. ಜನವರಿಯ ಮೊದಲ ವಾರದಲ್ಲೊಮ್ಮೆ, ಡಿಸೆಂಬರಿನ ಕೊನೆಯಲ್ಲೊಮ್ಮೆ. ನಾನು ಇರುತ್ತೇನೋ ಇಲ್ಲವೋ ಅಲ್ಲಾಹನಿಗೇ ಗೊತ್ತು. ಇಂದು ಐದನೆಯ, ಆರನೆಯ ತರಗತಿಯಲ್ಲಿ ಓದುತ್ತಿರುವ ನೀವು ಇನ್‌ಶಾ ಅಲ್ಲಾಹ್ ಇರುತ್ತೀರಿ. ನಮ್ಮ ಸಂಘದ ಸದಸ್ಯರಲ್ಲಿ ನನ್ನ ವಿನಂತಿ ಏನೆಂದರೆ, ಅಷ್ಟರೊಳಗೆ ಒಂದು ತುಂಡು ನೆಲವನ್ನು ಗುರುತಿಸಿ, ಬೇಲಿ ಹಾಕಿ, ಮಕ್ಕಳ ಹೆಸರಿಗೆ ಬರೆಯೋಣ. ಅದಕ್ಕೆ ಗೇಟು ಇರಲಿ, ಬಾಸಿ ಈದಿನ ದಿನ ಬೀಗ ಬೇಡ. ಕರಿಯ ದಿನವೂ ಬೇಡ, ಕ್ರಿಸ್ಮಸ್ ರಜೆಯಲ್ಲೂ ಬೇಡ. ಕಾಕಾ ನಮ್ಮನ್ನು ಯಾವ ಓಣಿಯವರೆಂದು ಕೇಳಲಿಲ್ಲ, ನಾವೂ ಕೇಳುವುದು ಬೇಡ.

ನನ್ನ ಪಾಲಿನ ಹತ್ತು ಪೈಸೆ ಈ ಬರಹ. ನಿಮ್ಮ ಪಾಲು ಎಷ್ಟೆಂದು ನಾನು ಪುಸ್ತಕದಲ್ಲಿ ಬರೆಯುವುದಿಲ್ಲ. ಒಟ್ಟು ಮೊತ್ತವನ್ನಷ್ಟೇ ಬರೆಯುತ್ತೇನೆ.